ಮೇಡಂ, ಕೇಸ್ ವಾಪಸ್ ತಗೋಬಹುದಾ?

ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋ ನನಗೆ ದಿನಾ ಬರೋ ಪ್ರಶ್ನೆ ಇದು. ಗಂಡ ಹೊಡೆದ ಅಂತ ಕಂಪ್ಲೇಂಟ್ ಕೊಟ್ಟಿರ್ತಾಳೆ, ಎರಡು ಮೂರು ತಿಂಗಳಾದ್ಮೇಲೆ ಬಂದು ಕೇಳ್ತಾಳೆ, ಜೊತೆಲಿ ಬಂದ ಅಣ್ಣನೂ ಕೇಳ್ತಾನೆ, ಆ ಕಡೆ ಅತ್ತೆ ಯಾರ ಕೈಲಾದ್ರೂ ಹೇಳಿ ಕಳಿಸಿರ್ತಾರೆ.

ವಾಪಸ್ ತಗೊಳಕ್ಕೆ ಅದು ನಿಮ್ಮ ಕೇಸೇ ಅಲ್ವಲ್ಲಮ್ಮ ಅಂತೀನಿ. ಎಫ್‌ಐಆರ್ ಆಗಿ ಚಾರ್ಜ್ ಶೀಟ್ ಬಿತ್ತು ಅಂದ್ರೆ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ನಿಮ್ಮ ಯಜಮಾನ್ರು. ನಡೆಸೋರು ಎಪಿಪಿ, ಅಂದ್ರೆ ಸರ್ಕಾರಿ ವಕೀಲರು. ನೀವು ಪಿಡಬ್ಲ್ಯೂ 1, ಅಂದ್ರೆ ಮೊದಲನೇ ಸಾಕ್ಷಿ, ಅಷ್ಟೇ.

ಬರಿಗೈಲಿ ಹೊಡೆದಿದ್ದು ಮಾತ್ರ ಆದ್ರೆ (ಹಳೇ ಐಪಿಸಿ 323, ಈಗ ಭಾರತೀಯ ನ್ಯಾಯ ಸಂಹಿತೆ 115(2)) ಕೋರ್ಟಲ್ಲೇ ರಾಜಿ ಮಾಡ್ಕೋಬಹುದು. ಆದ್ರೆ ಹೆಂಡತಿ ಕೊಡೋ ಕಂಪ್ಲೇಂಟಲ್ಲಿ ಸಾಮಾನ್ಯವಾಗಿ 498ಎ, ಅಂದ್ರೆ ಗಂಡ ಅಥವಾ ಅವನ ಕಡೆಯೋರ ಕ್ರೌರ್ಯ, ಇದ್ದೇ ಇರುತ್ತೆ, 2024ರ ಜುಲೈ 1ರಿಂದ ಅದು ಸೆಕ್ಷನ್ 85, ಮೂರು ವರ್ಷದವರೆಗೆ ಜೈಲು, ನಮ್ಮಲ್ಲಿ ಕೆಳಗಿನ ಕೋರ್ಟಲ್ಲಿ ಇದಕ್ಕೆ ರಾಜಿ ಇಲ್ಲ. ಇಬ್ಬರೂ ಒಪ್ಪಿದ್ರೆ ಹೈಕೋರ್ಟಿಗೆ ಹೋಗಿ ಕ್ವಾಶ್, ಅಂದ್ರೆ ಕೇಸೇ ರದ್ದು, ಮಾಡಿಸ್ಕೋಬೇಕು, 2003ರ ಬಿ.ಎಸ್. ಜೋಶಿ ಕೇಸಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆಗೀತು. ಬೆಂಗಳೂರೋ ಧಾರವಾಡನೋ ಕಲಬುರಗಿನೋ, ಖರ್ಚು ಬೇರೆ.

ಅದಕ್ಕೇ ಜನ ಇನ್ನೊಂದು ದಾರಿ ಹಿಡೀತಾರೆ, ಕಟಕಟೆ ಹತ್ತಿ ಉಲ್ಟಾ ಹೇಳೋದು. "ನಾನೇ ಬಚ್ಚಲಲ್ಲಿ ಜಾರಿ ಬಿದ್ದೆ ಸ್ವಾಮಿ." ಎಪಿಪಿ ಅವಳನ್ನ ಹೋಸ್ಟೈಲ್, ಅಂದ್ರೆ ತಿರುಗಿಬಿದ್ದ ಸಾಕ್ಷಿ, ಅಂತ ಮಾಡ್ಕೊಂಡು ಅವಳನ್ನೇ ಕ್ರಾಸ್ (ಪಾಟಿ ಸವಾಲು) ಮಾಡ್ತಾರೆ, ಪೊಲೀಸರ ಮುಂದೆ ಹೀಗೆ ಹೇಳಿದ್ರಲ್ಲ ಅಂತ, ಇವಳು ಇಲ್ಲ ಅಂತಾಳೆ, ಅವಳ ಅಮ್ಮನೂ ಇಲ್ಲ ಅಂತಾರೆ, ಮಹಜರಿಗೆ ಸೈನ್ ಹಾಕಿದ ಪಂಚರು ಸ್ಟೇಷನಲ್ಲಿ ಖಾಲಿ ಹಾಳೆಗೆ ಸೈನ್ ಮಾಡಿಸ್ಕೊಂಡ್ರು ಅಂತಾರೆ. ಉಳಿಯೋದು ಡಾಕ್ಟರ್ ಒಬ್ಬರೇ. ಬಿದ್ರೂ ಇಂಥ ಗಾಯ ಆಗಬಹುದಾ ಅಂತ ಡಿಫೆನ್ಸ್‌ನೋರು ಕೇಳಿದ್ರೆ ಅವರು ತಾನೇ ಏನಂತಾರೆ, ಆಗಬಹುದು. ಮುಗೀತು, ಬಿಡುಗಡೆ.

ನಾನೂ ಆರೋಪಿ ಪರ ನಿಂತಿದೀನಿ, ಮುಚ್ಚಿಡೋದೇನಿಲ್ಲ. ಮೊದಲು ಓದೋದು ಕಂಪ್ಲೇಂಟ್ ಅಲ್ಲ, ವೂಂಡ್ ಸರ್ಟಿಫಿಕೇಟ್, ಅಂದ್ರೆ ಡಾಕ್ಟರ್ ಕೊಡೋ ಗಾಯದ ಪ್ರಮಾಣಪತ್ರ. ಅದರಲ್ಲಿ ಗಾಯ ಹೇಗಾಯ್ತು ಅಂತ ಒಂದು ಸಾಲು ಇರುತ್ತೆ, ಆಸ್ಪತ್ರೆಗೆ ಕರ್ಕೊಂಡು ಹೋದೋನು ಗಂಡನೇ ಆಗಿದ್ರೆ "ಮೆಟ್ಟಿಲ ಮೇಲಿಂದ ಬಿದ್ದು" ಅಂತ ಬರೆಸಿರ್ತಾರೆ, ಆ ಒಂದು ಸಾಲು ಸಾಕು ನನಗೆ ಕ್ರಾಸ್ ಮಾಡೋಕೆ. (ಹಾಗಾಗಿ ಪೆಟ್ಟು ತಿಂದೋರಿಗೆ ಹೇಳೋದು, ಬೇರೆ ಎಲ್ಲೂ ಬಾಯಿ ಬಿಡದಿದ್ರೂ ಡಾಕ್ಟರ್ ಹತ್ರ ನಿಜ ಹೇಳಿ.) ಆಮೇಲೆ ಆರೋಪಿಗಳ ಪಟ್ಟಿ. ಪುಣೆಲಿರೋ ಮೈದುನ, ಮದುವೆಯಾಗಿ ಹೋದ ನಾದಿನಿ, ಎಲ್ಲರೂ ಇರ್ತಾರೆ, ಯಾರು ಯಾವತ್ತು ಏನು ಮಾಡಿದ್ರು ಅಂತ ಮಾತ್ರ ಇರಲ್ಲ. ಅಂಥ ಅಸ್ಪಷ್ಟ ಆರೋಪದ ಮೇಲೆ ನೆಂಟರನ್ನೆಲ್ಲ ಎಳೆಯೋಹಾಗಿಲ್ಲ ಅಂತ 2022ರಲ್ಲಿ ಕಹ್ಕಶಾಂ ಕೌಸರ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನನ್ನನ್ನ ಕೇಳಿದ್ರೆ, ಹೀಗೆ ಹತ್ತು ಹೆಸರು ಸೇರಿಸೋ ವಕೀಲರು ಆ ಹೆಣ್ಮಗಳ ನಿಜವಾದ ಕೇಸನ್ನೇ ಕೆಡಿಸ್ತಾರೆ.

ಗಂಡನನ್ನ ಪೊಲೀಸರು ಯಾಕೆ ಒಳಗೆ ಹಾಕ್ಲಿಲ್ಲ ಅಂತ ಹೆಣ್ಣಿನ ಕಡೆಯೋರು ಬೈತಾರೆ ಬೇರೆ. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಾದ್ಮೇಲೆ ಸುಮ್ಮನೆ ಅರೆಸ್ಟ್ ಮಾಡಂಗಿಲ್ಲ, ಅಗತ್ಯ ಇಲ್ದಿದ್ರೆ ನೋಟಿಸ್ ಕೊಟ್ಟು ಕರೆಸ್ತಾರೆ.

ಕೂರಿಸಿ ಮಾತಾಡಿಸಿದ್ರೆ ಎಷ್ಟೋ ಜನಕ್ಕೆ ಬೇಕಾಗಿರೋದು ಅವನಿಗೆ ಜೈಲಲ್ಲ. ಹೊಡೆಯೋದು ನಿಲ್ಲಬೇಕು, ಇರೋಕೆ ಮನೆ ಬೇಕು, ಮಕ್ಕಳ ಫೀಸ್ ಕಟ್ಟಬೇಕು. ಅದಕ್ಕಿರೋದು 2005ರ ಡಿವಿ ಆಕ್ಟ್, ಅಂದ್ರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನ ರಕ್ಷಿಸೋ ಕಾಯ್ದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಸಿಡಿಪಿಓನೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ರಕ್ಷಣಾಧಿಕಾರಿ, ಅವರ ಹತ್ರ ಹೋದ್ರೆ ರಿಪೋರ್ಟ್ ಬರೆದು ಕೋರ್ಟಿಗೆ ಕಳಿಸ್ತಾರೆ. ಮನೆಯಿಂದ ಆಚೆ ಹಾಕಬಾರದು, ತಿಂಗಳಿಗೆ ಇಷ್ಟು ಕೊಡಬೇಕು ಅಂತ ಮಧ್ಯಂತರ ಆದೇಶನೂ ಸಿಗುತ್ತೆ, ರಕ್ಷಣಾ ಆದೇಶ ಮೀರಿದ್ರೆ ಆವಾಗ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಈ ಅರ್ಜಿ ಮಾತ್ರ ನಿಮ್ದು, ಬೇಡ ಅನ್ಸಿದ್ರೆ ವಾಪಸ್ ತಗೋಬಹುದು. ಇದನ್ನ ಸ್ಟೇಷನ್ ಮೆಟ್ಟಿಲು ಹತ್ತೋಕೆ ಮುಂಚೆ ಕೇಳಿಕೊಂಡು ಬರೋರು ಕಮ್ಮಿ. ಹಾಗಂತ ಮೂಳೆ ಮುರಿಯೋ ಥರ ಹೊಡೆದಿದ್ರೆ ಎಫ್‌ಐಆರ್ ಬೇಡ ಅನ್ನೋಳಲ್ಲ ನಾನು.

ಮೊನ್ನೆ ಒಬ್ಬಳು ಎಲ್ಲ ಕೇಳಿಸ್ಕೊಂಡು, "ನಾನು ಕೋರ್ಟಿಗೇ ಬರ್ಲಿಲ್ಲ ಅಂದ್ರೆ?" ಅಂದಳು. ಸಮನ್ಸ್ ಬರುತ್ತೆ, ಆಗ್ಲೂ ಬರ್ಲಿಲ್ಲ ಅಂದ್ರೆ ವಾರಂಟ್ ಅಂದೆ. "ಅವ್ರಿಗಾ?" ಅಂದಳು. ನಿನಗೆ, ಅವ್ರು ಬೇಲ್ ಮೇಲೆ ಆರಾಮಾಗಿದಾರೆ ಅಂದೆ.