ಸ್ಯಾನ್ ಆಂಟೋನಿಯೊದ ವೆಸ್ಟ್ ಸೈಡ್‌ನಲ್ಲೊಂದು ಎರಡು ಭಾಷೆಯ ಶಾಲೆ

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊಗೆ ಹೋದವರು ತಪ್ಪದೆ ನೋಡುವುದು ಎರಡು: ಅಲಾಮೊ ಎಂಬ ಹಳೆಯ ಮಿಷನ್ ಕೋಟೆ ಮತ್ತು ರಿವರ್ ವಾಕ್. ನಾನೂ ನೋಡಿದೆ. ಅಲಾಮೊ ಸುತ್ತ ನೂಕುನುಗ್ಗಲು. ರಿವರ್ ವಾಕ್ ಅಂದರೆ ನದಿಯ ಎರಡೂ ದಂಡೆಗೆ ಸಾಲುಸಾಲು ಹೋಟೆಲ್‌ಗಳು, ನನಗೆ ಹಿಡಿಸಲಿಲ್ಲ. ಊರಿನ ದಕ್ಷಿಣಕ್ಕಿರುವ ಹಳೆಯ ಮಿಷನ್ ಚರ್ಚುಗಳು ಮಾತ್ರ ಬಹಳ ಚೆನ್ನಾಗಿವೆ. ಬಿಸಿಲೇರುವ ಮುಂಚೆ ಹೋದರೆ ಇನ್ನೂ ಚೆನ್ನ. ಅಲಾಮೊ ಜೊತೆಗೆ ಅವನ್ನೂ 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಬರೆಯಲು ಕೂತಿರುವುದು ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಪಾಠ ಹೇಳುವ ಅದೇ ಊರಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಬಗ್ಗೆ.

ನನ್ನ ಅಕ್ಕನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಅವನ ಪಕ್ಕದ ಮನೆಯವರು ಆ ಶಾಲೆಯಲ್ಲಿ ಟೀಚರ್. ನಾನು ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವನು ಎಂದು ಗೊತ್ತಾಗಿ, "ಒಂದು ದಿನ ನಮ್ಮ ಶಾಲೆಗೆ ಬನ್ನಿ" ಎಂದರು. ಪಾವಗಡದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಒಂದನೇ ಕ್ಲಾಸಿನಲ್ಲಿ ಕನ್ನಡ ಅರ್ಥವಾಗದೆ ಬಿಟ್ಟ ಕಣ್ಣು ಬಿಟ್ಟುಕೊಂಡು ಕೂರುವ ಮಕ್ಕಳನ್ನು ನನ್ನ ಸರ್ವಿಸ್ ಪೂರ್ತಿ ನೋಡಿದ್ದೇನೆ. ಹೋಗದೆ ಇರಲು ಮನಸ್ಸಾಗಲಿಲ್ಲ.

ಡೌನ್‌ಟೌನ್ ಬಿಟ್ಟು ರೈಲು ಹಳಿ ದಾಟಿದರೆ ವೆಸ್ಟ್ ಸೈಡ್, ಮೆಕ್ಸಿಕೊ ಮೂಲದವರೇ ಹೆಚ್ಚಾಗಿರುವ ಬಡಾವಣೆ. ಚಿಕ್ಕ ಚಿಕ್ಕ ಮರದ ಮನೆಗಳು, ತಂತಿ ಬೇಲಿ, ಅಂಗಳದಲ್ಲಿ ಪಿಕಾನ್ (ಅಕ್ರೋಟಿನಂಥ ಕಾಯಿ) ಮರ. ಅಂಗಡಿ ಬೋರ್ಡುಗಳು ಅರ್ಧ ಸ್ಪ್ಯಾನಿಷ್‌ನಲ್ಲಿ, ಗೋಡೆಗಳ ತುಂಬ ಚಿತ್ರ. ಗ್ವಾಡಲೂಪೆ ಬೀದಿಯಲ್ಲಿ ಜೆಸ್ಸಿ ಟ್ರೆವಿನ್ಯೊ ಎಂಬ ಕಲಾವಿದರು ಮಾಡಿದ ಗ್ವಾಡಲೂಪೆ ಮಾತೆಯ (ಮೇರಿಯಮ್ಮನ) ಮೊಸಾಯಿಕ್ ಇದೆ. ಹರಕೆ ದೀಪದ ಆಕಾರದ್ದು, ಸುಮಾರು 40 ಅಡಿ ಎತ್ತರ. ರಿವರ್ ವಾಕ್ ದೋಣಿಗೆ ಕೊಡುವ ದುಡ್ಡು ಉಳಿಸಿ ಇದನ್ನು ನೋಡಿ ಬನ್ನಿ.

ಸಸ್ಯಾಹಾರಿಗಳಿಗೆ ಒಂದು ಮಾತು ಹೇಳಲೇಬೇಕು. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ತಿಂಡಿಗೆ ನಿಂತೆವು. "ಮಾಂಸ ಇಲ್ಲದ್ದು ಏನಿದೆ?" ಎಂದು ಬಿಡಿಸಿ ಕೇಳಿದೆ. ಬೀನ್ಸ್ ಟಾಕೊ ತಂದಿಟ್ಟು, "ಪೂರ್ತಿ ವೆಜಿಟೇರಿಯನ್" ಎಂದರು. ಬೆಂದ ಕಾಳನ್ನು ನುರಿದು ರೊಟ್ಟಿಯಲ್ಲಿ ಸುತ್ತಿದ್ದರು. ರುಚಿಯೂ ಇತ್ತು. ಅದನ್ನು ಹುರಿದದ್ದು ಹಂದಿ ಕೊಬ್ಬಿನಲ್ಲಿ ಎಂದು ಗೊತ್ತಾದದ್ದು ತಿಂದು ಮುಗಿದ ಮೇಲೆ. ಅಷ್ಟು ಸ್ಪಷ್ಟವಾಗಿ ಕೇಳಿದರೂ ಹೇಳಲಿಲ್ಲವಲ್ಲ ಎಂಬ ಬೇಜಾರು ಇವತ್ತಿಗೂ ಹೋಗಿಲ್ಲ. ಮಾಂಸ ಇದೆಯಾ ಎಂದು ಕೇಳಿದರೆ ಸಾಲದು, 'ಮಾಂತೆಕಾ' (ಹಂದಿ ಕೊಬ್ಬು) ಹಾಕಿದ್ದೀರಾ ಎಂದು ಕೇಳಿ. ಕಾಳಿಗೆ ಮಾತ್ರವಲ್ಲ, ಗೋಧಿ ರೊಟ್ಟಿಗೂ ಹಾಕುವುದುಂಟು. ಮೆಕ್ಕೆಜೋಳದ ರೊಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಶಾಲೆಯ ಬಾಗಿಲು ಒಳಗಿನಿಂದ ಬೀಗ. ಗುಂಡಿ ಒತ್ತಿ, ಕ್ಯಾಮೆರಾಗೆ ಮುಖ ತೋರಿಸಿ, ಗುರುತಿನ ಚೀಟಿ ಕೊಟ್ಟ ಮೇಲೆ ಎದೆಗೆ ಅಂಟಿಸುವ ಪಾಸ್ ಸಿಗುತ್ತದೆ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅವರ ಯಂತ್ರಕ್ಕೆ ಹತ್ತುವುದಿಲ್ಲ, ಪಾಸ್‌ಪೋರ್ಟ್ ಬೇಕು. ಆದರೆ ಮಗುವನ್ನು ಸೇರಿಸಲು ಬರುವ ತಂದೆ ತಾಯಿಯನ್ನು, ನೀವು ಈ ದೇಶಕ್ಕೆ ಹೇಗೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ದಾಖಲೆ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆ ಬಾಗಿಲು ಮುಚ್ಚುವಂತಿಲ್ಲ ಎಂದು 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹುಟ್ಟಿದ್ದೂ ಟೆಕ್ಸಾಸ್‌ನಲ್ಲೇ.

ಒಂದನೇ ಕ್ಲಾಸಿನಲ್ಲಿ ಕೂತೆ. ಬೋರ್ಡಿನ ಮೇಲೆ ಮಾ, ಮೆ, ಮಿ, ಮೊ, ಮು. ಮಕ್ಕಳು ರಾಗವಾಗಿ ಹೇಳುತ್ತಿದ್ದರು. ನಮ್ಮ ಕಾಗುಣಿತವೇ ಅಲ್ವಾ ಅನ್ನಿಸಿತು. ಸ್ಪ್ಯಾನಿಷ್‌ನಲ್ಲಿ ಬರೆದ ಹಾಗೇ ಓದುವುದರಿಂದ ಮಕ್ಕಳು ಬೇಗ ಓದಲು ಕಲಿಯುತ್ತಾರೆ. ಓದುವುದು ಅಂದರೆ ಏನೆಂದು ಒಂದು ಭಾಷೆಯಲ್ಲಿ ತಿಳಿದ ಮಗುವಿಗೆ ಇನ್ನೊಂದು ಭಾಷೆಯಲ್ಲಿ ಮತ್ತೆ ಮೊದಲಿನಿಂದ ಕಲಿಸಬೇಕಿಲ್ಲ. ಶಿಶುವಿಹಾರದಲ್ಲಿ ದಿನದ ಶೇ. 90 ಪಾಠ ಸ್ಪ್ಯಾನಿಷ್, ಶೇ. 10 ಇಂಗ್ಲಿಷ್. ವರ್ಷದಿಂದ ವರ್ಷಕ್ಕೆ ಇಂಗ್ಲಿಷ್ ಏರುತ್ತಾ ಹೋಗಿ, ನಾಲ್ಕನೆಯ ಕ್ಲಾಸಿನ ಹೊತ್ತಿಗೆ ಅರ್ಧ ಅರ್ಧ. ಗೋಡೆಯ ಮೇಲೆ ಸ್ಪ್ಯಾನಿಷ್ ಪದಗಳು ಕೆಂಪು ಶಾಯಿಯಲ್ಲಿ, ಇಂಗ್ಲಿಷ್ ಪದಗಳು ನೀಲಿಯಲ್ಲಿ.

ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿದ್ದರು. ನನ್ನ ಮುಂದಿನ ಡೆಸ್ಕಿನಲ್ಲಿ ಒಬ್ಬಳು ಆ ವರ್ಷವಷ್ಟೇ ಹೊಂಡುರಾಸ್‌ನಿಂದ ಬಂದವಳು. ಅವಳ ಜೊತೆಗಾರ ನಾಲ್ಕು ತಲೆಮಾರಿನಿಂದ ಅದೇ ಬಡಾವಣೆಯವನು, ಹೆಸರು ಅಪ್ಪಟ ಸ್ಪ್ಯಾನಿಷ್, ಮನೆಮಾತು ಇಂಗ್ಲಿಷ್. ಹುರುಳಿಕಾಯಿ ಬೀಜ ಮೊಳೆಯುವುದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅವನು 'ಬೇರು' ಎನ್ನುವುದಕ್ಕೆ ತಡವರಿಸಿದ. ಅವಳು ಅವನ ಪೆನ್ಸಿಲ್ ಕಿತ್ತುಕೊಂಡು ಬರೆದು, ಅಡಿಗೆರೆ ಎಳೆದು, ವಾಪಸ್ ಕೊಟ್ಟಳು. ಊರಿಗೆ ಹೊಸಬಳು, ಇಂಗ್ಲಿಷ್ ಬಾರದವಳು. ಆದರೂ ಆ ಡೆಸ್ಕಿನಲ್ಲಿ ಹೇಳಿಕೊಡುವವಳು ಅವಳೇ! ನನ್ನ ಎಷ್ಟು ತೆಲುಗು ಮಕ್ಕಳಿಗೆ ಹೀಗೆ ತಲೆ ಎತ್ತಿ ಕೂರುವ ಒಂದು ಗಳಿಗೆಯಾದರೂ ಸಿಕ್ಕಿತ್ತು ಎಂದು ಯೋಚಿಸಿದೆ.

ಇಷ್ಟೇ ಆಗಿದ್ದರೆ ಒಳ್ಳೆಯ ಶಾಲೆ ನೋಡಿದೆ ಎಂದುಕೊಂಡು ಬರುತ್ತಿದ್ದೆ. ಲೈಬ್ರರಿಯಲ್ಲಿ ಒಬ್ಬ ಅಜ್ಜಿ ಸಿಕ್ಕರು. ಎಪ್ಪತ್ತು ದಾಟಿದ ವಯಸ್ಸು, ಕೆಂಪು ಸ್ವೆಟರ್, ಕುತ್ತಿಗೆಯಲ್ಲಿ ಕನ್ನಡಕದ ದಾರ. ವಾರಕ್ಕೊಮ್ಮೆ ಬಂದು ಮಕ್ಕಳಿಗೆ ಸ್ಪ್ಯಾನಿಷ್ ಕಥೆ ಓದುತ್ತಾರಂತೆ. ಆ ನಾಲ್ಕು ತಲೆಮಾರಿನ ಹುಡುಗ ಅವರ ಮೊಮ್ಮಗ. ಮಕ್ಕಳೆಲ್ಲ ಅವರನ್ನು 'ವೆಲಿತಾ' ಅನ್ನುತ್ತಾರೆ, ಅಜ್ಜಮ್ಮ ಅಂದ ಹಾಗೆ. ನನ್ನ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡಿದರು.

"ನೀವು ಕಲಿತದ್ದೂ ಈ ಶಾಲೆಯಲ್ಲೇನಾ?" ಎಂದು ಕೇಳಿದೆ.

"ಇಲ್ಲೇ ಹತ್ತಿರದಲ್ಲಿ ಸರ್. ಹಗ್ಗದಾಟ ಆಡುವಾಗ ಉನೊ, ದೊಸ್, ತ್ರೆಸ್ ಅಂತ ಎಣಿಸಿದೆ. ಆಟದ ಬಯಲಲ್ಲಿ, ಪಾಠದ ಹೊತ್ತಲ್ಲೂ ಅಲ್ಲ. ಒಳಗೆ ಕರೆಸಿ ಹಲಗೆಯಲ್ಲಿ ಹೊಡೆದರು. ಆಮೇಲೆ, ಸ್ಪ್ಯಾನಿಷ್ ಆಡುವುದಿಲ್ಲ ಅಂತ ಪುಟಗಟ್ಟಲೆ ಬರೆಸಿದರು."

"ಮನೆಯಲ್ಲಿ ಹೇಳಿದಿರಾ?"

"ಹೇಗೆ ಹೇಳಲಿ? ಅಮ್ಮನಿಗೆ ಬರುತ್ತಿದ್ದದ್ದು ಸ್ಪ್ಯಾನಿಷ್ ಒಂದೇ. ನಿನ್ನ ಮಾತಿಗಾಗಿ ನನಗೆ ಹೊಡೆದರು ಅಂತ ಅವಳಿಗೆ ಹೇಳಲಾ?"

ಅವರ ಅಮ್ಮ ಪಿಕಾನ್ ಸುಲಿಯುವ ಕೂಲಿಯಾಗಿದ್ದವರು. 1938ರಲ್ಲಿ ಇದೇ ವೆಸ್ಟ್ ಸೈಡ್‌ನಲ್ಲಿ ಸುಮಾರು 12,000 ಪಿಕಾನ್ ಕೂಲಿಗಳು ಮುಷ್ಕರ ಹೂಡಿದ್ದರು. ಮುಂದೆ ನಿಂತವಳು ಎಮ್ಮಾ ತೆನಾಯುಕಾ, ಆಗಿನ್ನೂ ಇಪ್ಪತ್ತೊಂದರ ಹುಡುಗಿ. "ಅಮ್ಮ ಧಣಿಗಳಿಗೆ ಹೆದರಿದವಳಲ್ಲ. ನಾನು ಟೀಚರಿಗೆ ಹೆದರಿದೆ" ಎಂದರು ಅಜ್ಜಿ.

ಇಂಗ್ಲಿಷ್ ಒಂದೇ ಎಂಬ ಈ ಹಟಕ್ಕೆ ಕಾನೂನಿನ ಬೆಂಬಲವೂ ಇತ್ತು. 1918ರಲ್ಲಿ ಟೆಕ್ಸಾಸ್ ಮಾಡಿದ ಕಾನೂನಿನ ಪ್ರಕಾರ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳುವ ಟೀಚರ್ ಅಪರಾಧಿ. ಮಾರ್ಫಾ ಎಂಬ ಊರಿನ ಬ್ಲ್ಯಾಕ್‌ವೆಲ್ ಶಾಲೆಯಲ್ಲಿ 1954ರಲ್ಲಿ ಮಕ್ಕಳಿಂದ ಸ್ಪ್ಯಾನಿಷ್ ಪದಗಳನ್ನು ಚೀಟಿಯಲ್ಲಿ ಬರೆಸಿ, ಮಣ್ಣಿನಲ್ಲಿ ಹೂಳಿಸಿ, ಭಾಷೆಗೆ ಅಂತ್ಯಸಂಸ್ಕಾರ ಮಾಡಿಸಿದ್ದರು. ಈಗ ಆ ಶಾಲೆ ರಾಷ್ಟ್ರೀಯ ಐತಿಹಾಸಿಕ ತಾಣ. ವೆಸ್ಟ್ ಸೈಡ್‌ನಲ್ಲೇ ಬೆಳೆದು, ಮೇಷ್ಟ್ರಾಗಿದ್ದು, ಶಾಸನಸಭೆಗೆ ಹೋದ ಜೋ ಬರ್ನಾಲ್ ಅಂಥವರು ಹೋರಾಡಿ 1969ರಲ್ಲಿ ಆ ಕಾನೂನನ್ನು ಬದಲಾಯಿಸಿದರು. 1973ರ ಇನ್ನೊಂದು ಕಾನೂನು ಎರಡು ಭಾಷೆಯ ಪಾಠವನ್ನು ಕಡ್ಡಾಯ ಮಾಡಿತು. ಒಂದೇ ಮನೆಮಾತಿನ, ಇಂಗ್ಲಿಷ್ ಸರಿಯಾಗಿ ಬಾರದ 20 ಮಕ್ಕಳು ಒಂದು ತರಗತಿಯ ಮಟ್ಟದಲ್ಲಿ ಇದ್ದರೆ ಆ ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಅಂಥ ಪಾಠ ನಡೆಸಲೇಬೇಕು.

ಅಜ್ಜಿಗೆ ಅದು ತಡವಾಗಿತ್ತು. "ನನ್ನ ಮಕ್ಕಳ ಜೊತೆ ಒಂದು ದಿನವೂ ಸ್ಪ್ಯಾನಿಷ್ ಆಡಲಿಲ್ಲ. ಅವರಿಗೆ ಏಟು ಬೀಳಬಾರದು ಅಂತ. ನನ್ನ ಅಮ್ಮ ಸಾಯುವಾಗ ನನ್ನ ಮಗನಿಗೆ ಏನೋ ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಅವನು ನನ್ನ ಮುಖ ನೋಡಿದ."

ನಾನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಮುಂದುವರಿಸಿದರು. ಸ್ಪ್ಯಾನಿಷ್ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲವಂತೆ. ಯಾರೂ ಕಲಿಸಿರಲಿಲ್ಲವಲ್ಲ. ಮೊಮ್ಮಗ ಶಿಶುವಿಹಾರಕ್ಕೆ ಸೇರಿದಾಗ ಅವನನ್ನು ಬಿಡಲು ಬಂದು ಹಿಂದಿನ ಕುರ್ಚಿಯಲ್ಲಿ ಕೂತವರು, ಅವನ ಜೊತೆಗೇ ಮಾ, ಮೆ, ಮಿ ಕಲಿತರು. ಈಗ ಅವರೇ ಮಕ್ಕಳಿಗೆ ಕಥೆ ಓದುತ್ತಾರೆ, ಬೆರಳಿಟ್ಟು, ನಿಧಾನಕ್ಕೆ. ಎಡವಿದಲ್ಲಿ ಮಕ್ಕಳು ತಿದ್ದುತ್ತಾರೆ. ಮೊದಲೇ ಹೇಳಿ ಮುಗಿಸುವ ಪೋರರನ್ನು, "ತಾಳು, ನಾನೇ ಓದ್ತೀನಿ" ಎಂದು ಗದರುತ್ತಾರೆ. ನಾನು ಅಮೆರಿಕದಲ್ಲಿ ಕಂಡದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಇಂಥ ಶಾಲೆ ನಡೆಸುವುದು ಎಷ್ಟು ಕಷ್ಟ ಎಂದು ಪ್ರಿನ್ಸಿಪಾಲ್ ಮೇಡಂ ಜೊತೆ ಕೂತಾಗ ತಿಳಿಯಿತು. ದುಡ್ಡಿನ ವಿಷಯದಲ್ಲಿ ಈ ಬಡಾವಣೆಗೆ ಹಳೆಯ ಗಾಯವಿದೆ. ಇಲ್ಲಿನ ಎಡ್ಜ್‌ವುಡ್ ಶಾಲಾ ಜಿಲ್ಲೆಯ ಜನ 1960ರ ದಶಕದ ಕೊನೆಯಲ್ಲಿ ಶ್ರೀಮಂತ ಅಲಾಮೊ ಹೈಟ್ಸ್‌ನವರಿಗಿಂತ ಜಾಸ್ತಿ ದರದಲ್ಲಿ ಶಾಲೆಗಾಗಿ ಆಸ್ತಿ ತೆರಿಗೆ ಕಟ್ಟುತ್ತಿದ್ದರು. ಆದರೂ ಆಸ್ತಿಯ ಬೆಲೆಯೇ ಕಡಿಮೆಯಾದ್ದರಿಂದ ಆ ತೆರಿಗೆಯಿಂದ ಎಡ್ಜ್‌ವುಡ್‌ನಲ್ಲಿ ಒಂದು ಮಗುವಿಗೆ ಸಿಗುತ್ತಿದ್ದದ್ದು 26 ಡಾಲರ್, ಅಲ್ಲಿ 333. ಡಿಮೆಟ್ರಿಯೊ ರೊಡ್ರಿಗೆಸ್ ಎಂಬ ತಗಡಿನ ಕೆಲಸಗಾರರು ಇತರ ಪೋಷಕರ ಜೊತೆ ಸೇರಿ ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5–4ರಲ್ಲಿ ಸೋತರು. ಎಡ್ಜ್‌ವುಡ್ ಬಿಡಲಿಲ್ಲ. 1989ರಲ್ಲಿ ಟೆಕ್ಸಾಸ್ ರಾಜ್ಯದ್ದೇ ಆದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಈಗ ಅಂತರ ಕಡಿಮೆಯಾಗಿದೆ, ಚಿಂತೆ ಕಡಿಮೆಯಾಗಿಲ್ಲ.

ಟೆಕ್ಸಾಸ್ ಅನುದಾನ ಕೊಡುವುದು ದಾಖಲಾತಿ ನೋಡಿ ಅಲ್ಲ, ಹಾಜರಾತಿ ನೋಡಿ. ಮಳೆ ಬಂದು ಮಕ್ಕಳು ಬರದಿದ್ದರೆ ದುಡ್ಡೂ ಬರುವುದಿಲ್ಲ. ಬಡವರ ಮನೆಯಲ್ಲಿ ಕಾರು ಕೆಟ್ಟರೆ, ಅಮ್ಮನ ಶಿಫ್ಟ್ ಬದಲಾದರೆ ಮಗು ಮನೆಯಲ್ಲೇ. ಎಲ್ಲಿ ಅಗತ್ಯ ಜಾಸ್ತಿಯೋ ಅಲ್ಲೇ ಹಣ ಕಡಿತ ಮಾಡುವ ಈ ಲೆಕ್ಕ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. 2019ರ ಕಾನೂನಿನಿಂದ ಎರಡು ಭಾಷೆಯ ತರಗತಿಗಳಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಮೂಲ ಅನುದಾನದ ಮೇಲೆ ಶೇ. 15 ಹೆಚ್ಚುವರಿ ಬರುತ್ತದೆ. ಪುಸ್ತಕಕ್ಕೆ, ತರಬೇತಿಗೆ ಅದು ಆಸರೆ.

ಹಣಕ್ಕಿಂತ ಟೀಚರ್ ಸಿಗುವುದೇ ಕಷ್ಟ ಎಂದರು ಮೇಡಂ. ಸ್ಪ್ಯಾನಿಷ್ ಆಡುವವರು ಊರ ತುಂಬ ಇದ್ದಾರೆ. ಆದರೆ ಶಾಲೆಯಲ್ಲಿ ಎಲ್ಲ ಪಾಠವನ್ನೂ ಇಂಗ್ಲಿಷ್‌ನಲ್ಲೇ ಕಲಿತವರು. ಅಡುಗೆಮನೆಯ ಮಾತು ಸರಾಗ, ಭಿನ್ನರಾಶಿ ಹೇಳಿಕೊಡಬೇಕು ಅಂದರೆ ನಾಲಿಗೆ ಕಟ್ಟುತ್ತದೆ. ಭಾಷೆಯ ಪರೀಕ್ಷೆ ಬೇರೆ ಪಾಸಾಗಬೇಕು. ನನ್ನನ್ನು ಕರೆದ ಟೀಚರ್ ಸಂಜೆ ಹೊತ್ತು ಮೆಕ್ಸಿಕೊದ ಗಣಿತದ ಪುಸ್ತಕ ಇಟ್ಟುಕೊಂಡು ಓದುತ್ತಾರೆ. ಹಲವು ಶಾಲೆಗಳು ಸ್ಪೇನ್, ಮೆಕ್ಸಿಕೊದಿಂದ ಟೀಚರ್‌ಗಳನ್ನು ಕರೆಸುತ್ತವೆ. ವೀಸಾ ಮುಗಿದರೆ ಅವರು ಹೊರಟುಬಿಡುತ್ತಾರೆ.

ಮಕ್ಕಳ ಸಂಖ್ಯೆಯೂ ಇಳಿಯುತ್ತಿದೆ. 2023ರಲ್ಲಿ ಸ್ಯಾನ್ ಆಂಟೋನಿಯೊ ಶಾಲಾ ಜಿಲ್ಲೆ ಒಟ್ಟಿಗೆ 15 ಶಾಲೆ ಮುಚ್ಚಲು ತೀರ್ಮಾನಿಸಿತು. ಎರಡು ಭಾಷೆಯ ಶಾಲೆಗೆ ಮಾತ್ರ ಬೇರೆ ಬಡಾವಣೆಯ ಅನುಕೂಲಸ್ಥರೂ ಮಕ್ಕಳನ್ನು ಕರೆತರುತ್ತಾರೆ. ಶಾಲೆ ಉಳಿಯುವುದಕ್ಕೆ ಅದು ಒಳ್ಳೆಯದೇ. ಆದರೆ ಪಕ್ಕದ ಬೀದಿಯ ಮಗುವಿಗೆ ಸೀಟು ತಪ್ಪಬಾರದು, ಆ ವಿಷಯದಲ್ಲಿ ನಾನು ಮೇಡಂ ಪರ.

ಸಂಜೆ ಶಿಶುವಿಹಾರದ ದಾಖಲಾತಿ ಸಭೆ ಇತ್ತು. ಇರಿ ಎಂದರು, ಇದ್ದೆ. ಛಾವಣಿ ಹಾಕುವ ಕೆಲಸದಿಂದ ನೇರ ಬಂದ ಒಬ್ಬ ತಂದೆ, ಬೂಟಿನ ತುಂಬ ಡಾಂಬರು, ಎದ್ದು ನಿಂತು ಕೇಳಿದ: "ಸ್ಪ್ಯಾನಿಷ್ ನಾನೇ ಮನೆಯಲ್ಲಿ ಕಲಿಸ್ತೀನಿ. ಶಾಲೆಗೆ ಕಳಿಸೋದು ಇಂಗ್ಲಿಷ್‌ಗೆ. ನನ್ನ ಮಗ ಹಿಂದೆ ಬಿದ್ದರೆ ಯಾರು ಹೊಣೆ?" ಇದೇ ಪ್ರಶ್ನೆಯನ್ನು ಪಾವಗಡದಲ್ಲಿ ಎಷ್ಟು ಜನ ನನಗೆ ಕೇಳಿದ್ದಾರೋ. ಆತನ ಆತಂಕ ನಿಜವಾದದ್ದು.

ಮೇಡಂ ವಾದ ಮಾಡಲಿಲ್ಲ. ಐದನೇ ಕ್ಲಾಸಿನ ಒಬ್ಬ ಹುಡುಗನ ಎರಡು ನೋಟ್‌ಬುಕ್ ತೆಗೆದು ಆತನ ಕೈಗೆ ಕೊಟ್ಟರು, ಒಂದು ಸ್ಪ್ಯಾನಿಷ್, ಒಂದು ಇಂಗ್ಲಿಷ್. "ಮೊದಲ ಎರಡು ವರ್ಷ ನಿಮಗೆ ಹೆದರಿಕೆ ಆಗುತ್ತೆ. ಇಂಗ್ಲಿಷ್ ತಡವಾಗಿ ಬಂದ ಹಾಗೆ ಕಾಣುತ್ತೆ. ಐದನೇ ಕ್ಲಾಸಿನವರೆಗೆ ನಮ್ಮ ಜೊತೆ ಇರಿ" ಎಂದರು. ಪೋಷಕರು ಸಹಿ ಮಾಡದೆ ಮಗುವನ್ನು ಈ ತರಗತಿಗೆ ಹಾಕುವಂತಿಲ್ಲ. ಬೇಡವೆಂದರೆ ಬರೀ ಇಂಗ್ಲಿಷ್ ತರಗತಿ. ಆತ ಎರಡೂ ಪುಸ್ತಕ ತಿರುವಿ ನೋಡಿ, ಹೆಂಡತಿಯನ್ನು ಕೇಳಿ ಹೇಳ್ತೀನಿ ಎಂದು ಫಾರಂ ತೆಗೆದುಕೊಂಡು ಹೋದ.

ಮೇಡಂ ಅವನ ವಿಳಾಸ ಬರೆದಿಟ್ಟುಕೊಂಡರು. "ಶನಿವಾರ ಇಬ್ಬರೂ ಮನೆಯಲ್ಲಿರ್ತಾರೆ, ಹೋಗಿ ಬರ್ತೀನಿ" ಎಂದರು. ಒಬ್ಬರೇ ಹೋಗ್ತೀರಾ ಎಂದು ಕೇಳಿದೆ.

"ಇಲ್ಲ, ವೆಲಿತಾನ ಕರ್ಕೊಂಡು ಹೋಗ್ತೀನಿ. ನನಗಿಂತ ಅವರು ಚೆನ್ನಾಗಿ ಹೇಳ್ತಾರೆ."