ಫೌಂಟೇನ್ಸ್ ಅಬ್ಬೆಯಲ್ಲಿ ನನಗೆ ಹಿಡಿಸಿದ ಉಗ್ರಾಣ

ಯಾರ್ಕ್‌ಶೈರ್‌ನ ಫೌಂಟೇನ್ಸ್ ಅಬ್ಬೆಗೆ, ಅಂದರೆ ಇಂಗ್ಲೆಂಡಿನ ಒಂದು ಹಳೆಯ ಪಾಳು ಕ್ರೈಸ್ತ ಮಠಕ್ಕೆ, ಹೋದವರೆಲ್ಲ ಅಲ್ಲಿನ ಗೋಪುರದ ಫೋಟೋ ತೆಗೆದುಕೊಂಡು ಬರುತ್ತಾರೆ. ಮಗನ ಜೊತೆ ಹೋದಾಗ ನಾವೂ ತೆಗೆದೆವು, ಸುಮ್ನೆ ಯಾಕೆ ಬಿಡಬೇಕು? ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಗ್ರಾಣ.

ಕಥೆ ಶುರುವಾಗುವುದು ಜಗಳದಿಂದ. ಯಾರ್ಕ್‌ನ ಸೇಂಟ್ ಮೇರಿ ಮಠದಲ್ಲಿ ಸುಖ ಜಾಸ್ತಿಯಾಯಿತು ಅಂತ 13 ಮಂದಿ ಸನ್ಯಾಸಿಗಳು ಸಿಡಿದೆದ್ದರು. ಆರ್ಚ್‌ಬಿಷಪ್ ಥರ್ಸ್ಟನ್ 1132ರಲ್ಲಿ ಅವರಿಗೆ ಸ್ಕೆಲ್ ಹೊಳೆಯ ಕಣಿವೆಯಲ್ಲಿ ಜಾಗ ಕೊಟ್ಟ. ಆಮೇಲೆ ಅವರು ಸಿಸ್ಟರ್ಸಿಯನ್ ಪಂಥ ಸೇರಿದರು. ಬಣ್ಣ ಬೇಡ, ಅಲಂಕಾರ ಬೇಡ, ದುಡಿದು ತಿನ್ನಬೇಕು ಅನ್ನುವ ಪಂಥ ಅದು. ಕಲ್ಲಿನ ಗೋಪುರ ಕಟ್ಟುವುದಕ್ಕೂ ಅಲ್ಲಿ ನಿಷೇಧವಿತ್ತು. ಆಮೇಲೆ ಕುರಿಯ ಉಣ್ಣೆ ಮಾರಿ ಶ್ರೀಮಂತರಾದರು ನೋಡಿ, 1495ರಲ್ಲಿ ಮಠದ ಮುಖ್ಯಸ್ಥ (ಅಬಟ್) ಆದ ಮಾರ್ಮಡ್ಯೂಕ್ ಹುಬಿ ಸುಮಾರು 50 ಮೀಟರ್ ಎತ್ತರದ ಗೋಪುರವನ್ನೇ ಎತ್ತಿಸಿಬಿಟ್ಟ. ಅದರ ಮೇಲೆ ಗೌರವ, ಮಹಿಮೆ ದೇವರೊಬ್ಬನಿಗೇ ಅಂತ ಲ್ಯಾಟಿನ್‌ನಲ್ಲಿ ಕೆತ್ತಿಸಿದ್ದಾನೆ. ನನಗಂತೂ ನಗು ಬಂತು.

ರಾಜ ಎಂಟನೇ ಹೆನ್ರಿಯ ಕಾಲದಲ್ಲಿ, 1539ರಲ್ಲಿ, ಮಠ ಮುಚ್ಚಿತು. ಚಾವಣಿಯ ಸೀಸ ಕಿತ್ತುಕೊಂಡು ಹೋದರು. ಈಗ ಚರ್ಚಿನೊಳಗೆ ಹುಲ್ಲು, ಮೇಲೆ ಆಕಾಶ.

ಆದರೆ ಪಶ್ಚಿಮದ ಉಗ್ರಾಣದ ಕಮಾನು ಹಾಗೇ ಉಳಿದಿದೆ. ಉದ್ದ ಸುಮಾರು 90 ಮೀಟರ್. ನಡುವೆ ಒಂದೇ ಸಾಲು ಕಂಬ. ಕಂಬದ ತಲೆಗೆ ಬೋದಿಗೆಯಿಲ್ಲ. ಕಲ್ಲಿನ ಪಟ್ಟಿಗಳು ತೆಂಗಿನ ಗರಿಯ ಹಾಗೆ ನೇರ ಕಂಬದಿಂದಲೇ ಬಿಚ್ಚಿಕೊಂಡು ಎರಡೂ ಕಡೆಗೆ ಬಾಗುತ್ತವೆ. ಕೈಯಿಟ್ಟು ನೋಡಿದೆ. ಒದ್ದೆ, ತಣ್ಣಗೆ, ಕೆತ್ತನೆಯ ಗುರುತೇ ಇಲ್ಲ. ಮಠ ನಡೆಯುತ್ತಿದ್ದಾಗ ಇದರೊಳಗೆ ಗೋಡೆಗಳಿದ್ದವು. ಒಂದು ಭಾಗ ದಾಸ್ತಾನಿಗೆ, ಇನ್ನೊಂದು ಭಾಗ ಲೇ ಬ್ರದರ್‌ಗಳ, ಅಂದರೆ ಮಠದ ಮೈಗೆಲಸ ಮಾಡುವ ಸಹೋದರರ, ಊಟಕ್ಕೆ. ಹೊಲ, ಕುರಿ, ಕಲ್ಲು ಕೆಲಸವೆಲ್ಲ ಇವರ ಪಾಲಿಗೆ. ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಮಲಗುತ್ತಿದ್ದದ್ದು ಇದರ ಮೇಲಿನ ಅಂತಸ್ತಿನಲ್ಲಿ. ಪ್ರಾರ್ಥನೆ ಮಾಡುವವರ ಚರ್ಚಿಗೆ ಸೂರಿಲ್ಲ, ದುಡಿಯುವವರ ಊಟದ ಮನೆಗೆ ಇದೆ!

ಈ ಕಟ್ಟಡದ ದಕ್ಷಿಣ ತುದಿ ಹೊಳೆಯ ಮೇಲೆಯೇ ನಿಂತಿದೆ. ಅಲ್ಲೇ ಪಕ್ಕದಲ್ಲಿ ಅವರ ಶೌಚಾಲಯ, ಕೆಳಗೆ ಹರಿಯುವ ನೀರು. 'ಅಯ್ಯೋ, ಹಿಟ್ಟಿನ ಗಿರಣಿಗೂ ಇದೇ ನೀರಾ?' ಅಂತ ಮಗ ಮುಖ ಕಿವುಚಿದ. ಗಿರಣಿ ಹೊಳೆಯ ಮೇಲ್ಗಡೆ ಇದೆ. ಅಷ್ಟು ಬುದ್ಧಿ ಅವರಿಗಿತ್ತು.