ಗುಡ್ಡ ಕುಸಿದ ಊರಲ್ಲಿ ಕಕ್ಕಡದ ಊಟ ಯಾಕೆ?

ಜುಲೈ ಮುಗಿಯುವ ಹೊತ್ತಿಗೆ ಶುರುವಾಗುತ್ತದೆ. "ನಿಮ್ಮ ಕೊಡಗಲ್ಲಿ ಗುಡ್ಡ ಕುಸಿಯೋದೂ ಆಗಸ್ಟ್‌ನಲ್ಲೇ, ನೀವೆಲ್ಲ ಸೇರಿ ಪಾಯಸ ಮಾಡ್ಕೊಂಡು ತಿನ್ನೋದೂ ಆಗಸ್ಟ್‌ನಲ್ಲೇ. ಹೇಗ್ರೀ ಮನಸ್ಸು ಬರುತ್ತೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡವರಾದ ನಮಗೆ ಕಕ್ಕಡ ತಿಂಗಳು. ಜೋರು ಮಳೆ, ಗದ್ದೆಯಲ್ಲಿ ನಾಟಿ. ದಿನವಿಡೀ ಕೆಸರಲ್ಲಿ ಬಗ್ಗಿ ನಿಂತವರ ಮೈಗೆ ಬಿಸಿ ಬೇಕು. ಅದಕ್ಕೇ ನಾಟಿ ಕೋಳಿ, ಏಡಿ, ಕಣಿಲೆ (ಎಳೆ ಬಿದಿರು), ಅಣಬೆ, ಕೆಸು. 18ನೇ ದಿನ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪು. ಆ ದಿನ ಅದರಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ. ಅದರಲ್ಲೇ ಅಕ್ಕಿ ಬೇಯಿಸಿ ಪಾಯಸ, ಮೇಲೆ ತುಪ್ಪ, ಜೇನು. ಮಾರನೇ ದಿನ ಮೂತ್ರ ಕೆಂಪಗೆ ಬರುತ್ತದೆ. ಹೊಸಬರು ಗಾಬರಿಯಾಗಬೇಡಿ.

ಇನ್ನು ಮನಸ್ಸಿನ ಮಾತು. ನಾವು ಏನೂ ಮರೆತಿಲ್ಲ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಮನೆ, ತೋಟ, ರಸ್ತೆ ಹೋದವು. ಮರುವರ್ಷ ತೋರ ಗ್ರಾಮದಲ್ಲಿ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, ಆಗಸ್ಟ್ 6ಕ್ಕೆ. ಮದ್ದು ಸೊಪ್ಪು ತಿಂದು ಮೂರೇ ದಿನ ಆಗಿತ್ತು.

ಒಂದು ವರ್ಷ, ನಾವೆಲ್ಲ ಸೇರುವ ಕೊಡವ ಸಮಾಜದ ಅಡುಗೆಮನೆಯಲ್ಲಿ ನಮ್ಮ ನೆಂಟರ ಅಕ್ಕ ಒಬ್ಬರು ಸೊಪ್ಪು ಬಿಡಿಸುತ್ತಿದ್ದರು. ಮಕ್ಕಂದೂರು ಕಡೆಯವರು, ಮನೆ ಹೋಗಿತ್ತು. ಬೆಂಗಳೂರಿಂದ ಬಂದವರೊಬ್ಬರು ಅವರಿಗೇ ಈ ಪ್ರಶ್ನೆ ಕೇಳಿಬಿಟ್ಟರು. ಅಕ್ಕ ಕೈ ನಿಲ್ಲಿಸಲಿಲ್ಲ. "ನಮ್ಮೂರಿನವರು ಈಗ ಒಬ್ಬೊಬ್ಬರು ಒಂದೊಂದು ಕಡೆ ಬಾಡಿಗೆಗೆ ಇದ್ದಾರೆ. ಎಲ್ಲರೂ ಒಟ್ಟಿಗೆ ಸಿಗೋದು ಇಲ್ಲೇ. ಬರದೆ ಇರೋಕಾಗುತ್ತಾ?" ಅಂದರು. ನನ್ನ ಉತ್ತರವೂ ಅಷ್ಟೇ.

ಆದರೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಮಣ್ಣು, ಮರದ ದಿಮ್ಮಿ ಬಂದು ಮುಚ್ಚಿದ ಗದ್ದೆಗಳು ಏನಾದವು? ಗದ್ದೆ ಇಲ್ಲದಿದ್ದರೆ ನಾಟಿ ಇಲ್ಲ, ಏಡಿಯೂ ಇಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಎಲ್ಲಿಂದ ತೆಗೆಯೋದು? ರಸ್ತೆಗೆ, ಮನೆಗೆ, ಹೋಂಸ್ಟೇಗೆ ಅಂತ ಇಳಿಜಾರು ಕಡಿದದ್ದೂ ಕುಸಿತಕ್ಕೆ ಕಾರಣ ಎಂದು ಭೂವಿಜ್ಞಾನಿಗಳೇ ಹೇಳಿದ್ದಾರೆ. ಕಡಿಯುವುದು ಇನ್ನೂ ನಿಂತಿಲ್ಲ. ನಮ್ಮ ತಟ್ಟೆ ನೋಡಿ ಬೇಜಾರಾಗುವವರು ಕೊಡಗಿಗೆ ಬಂದಾಗ, ಉಳಿದುಕೊಳ್ಳುವ ಜಾಗದ ಹಿಂದುಗಡೆ ಒಮ್ಮೆ ಹೋಗಿ ನೋಡಿ. ಗುಡ್ಡ ನೆಟ್ಟಗೆ ಕಡಿದಿದ್ದರೆ, ಯಾಕೆ ಹೀಗೆ ಕಡಿದಿರಿ ಅಂತ ಮಾಲೀಕರನ್ನು ಕೇಳಿ.